ಪ್ರೊಸೆಸರ್ ಹೆಡ್‌ಫೋನಿನಲ್ಲಿ ಚೆಂದ, ಆಂಪಿಗೆ ಹಾಕಿದರೆ ಮಂಕು: ಎಲ್ಲಿ ಎಡವಟ್ಟಾಗುತ್ತಿದೆ?

ಪಿಕ್ ಕಳ್ಕೊಂಡವ

ಎಲ್ಲರಿಗೂ ನಮಸ್ಕಾರ. ಮೊದಲು ಸಾಮಾನಿನ ವಿವರ. ಆಂಪ್ ಮಾಡೆಲ್ (ಆಂಪಿನ ಡಿಜಿಟಲ್ ನಕಲು), ಕ್ಯಾಬ್ ಸಿಮ್ (ಸ್ಪೀಕರ್ ಪೆಟ್ಟಿಗೆ ಮತ್ತು ಮೈಕಿನ ನಕಲು), ಸೆಂಡ್-ರಿಟರ್ನ್ (ಸಿಗ್ನಲ್ ಹೊರಗೆ ಕಳಿಸಿ ಮತ್ತೆ ಒಳಗೆ ತರುವ ಜ್ಯಾಕ್‌ಗಳು) ಎಲ್ಲ ಇರುವ, ಕಾಲಿನಿಂದ ಒತ್ತುವ ಗಿಟಾರ್ ಎಫೆಕ್ಟ್ಸ್ ಫ್ಲೋರ್ ಪ್ರೊಸೆಸರ್. 40 ವ್ಯಾಟ್ ಟ್ಯೂಬ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ), 12 ಇಂಚಿನ ಒಂದೇ ಸ್ಪೀಕರ್, ಎರಡು ಚಾನೆಲ್, ಹಿಂಬದಿಯಲ್ಲಿ ಎಫೆಕ್ಟ್ಸ್ ಲೂಪ್ (ಪ್ರೀಆಂಪ್ ಮತ್ತು ಪವರ್ ಆಂಪ್ ನಡುವೆ ಎಫೆಕ್ಟ್ ಸೇರಿಸುವ ಸೆಂಡ್, ರಿಟರ್ನ್ ಜ್ಯಾಕ್‌ಗಳು). ಗಿಟಾರಿನಲ್ಲಿ ಎರಡು ಹಂಬಕರ್ (ಎರಡು ಸುರುಳಿಯ ಪಿಕಪ್).

ಹೆಡ್‌ಫೋನ್ ಹಾಕಿಕೊಂಡು ಮಾಡಿದ ಪ್ಯಾಚ್‌ಗಳು (ಉಳಿಸಿಟ್ಟ ಸೆಟ್ಟಿಂಗ್‌ಗಳು) ಅಲ್ಲಿ ಕೇಳುವಾಗ ತುಂಬಾ ಚೆನ್ನಾಗಿವೆ. ಅವನ್ನೇ ಆಂಪಿನ ಮುಂದಿನ ಇನ್‌ಪುಟ್‌ಗೆ ಕೊಟ್ಟರೆ ಕ್ಲೀನ್ ಸದ್ದು ಕಂಬಳಿ ಹೊದ್ದುಕೊಂಡ ಹಾಗೆ. ಡಿಸ್ಟಾರ್ಷನ್ ಹಾಕಿದರೆ ಆರನೇ ತಂತಿ ಗುಮ್ಮೆನ್ನುತ್ತದೆ, ಮೊದಲೆರಡು ತಂತಿ ಕಿರ್ರೆನ್ನುತ್ತವೆ, ನಡುವೆ ಏನೂ ಇಲ್ಲ. ಆಂಪಿನ ಟ್ರೆಬಲ್ ಏರಿಸಿದರೆ ಮಂಕು ಹೋಗುವುದಿಲ್ಲ, ಕಿವಿಗೆ ಚುಚ್ಚುತ್ತದೆ ಅಷ್ಟೆ. ಡ್ರಮ್ಸ್, ಬಾಸ್ ಜೊತೆ ಸೇರಿದ ಮೇಲಂತೂ ಗಿಟಾರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಇನ್‌ಪುಟ್‌ಗೆ ಹಾಕಬೇಕೋ, ರಿಟರ್ನ್‌ಗೋ? ಕ್ಯಾಬ್ ಸಿಮ್ ಇರಬೇಕೋ ಬೇಡವೋ? ಆಂಪಿನ ನಾಬ್‌ಗಳು ಎಲ್ಲಿರಬೇಕು? ನಾಲ್ಕು ಕೇಬಲ್ ಜೋಡಣೆ ಅನ್ನುತ್ತಾರಲ್ಲ, ಅಷ್ಟು ರಗಳೆ ಪಟ್ಟಿದ್ದಕ್ಕೆ ಫಲ ಇದೆಯೇ?

---

ಸೋಲ್ಡರ್ ಹೊಗೆ

ಪ್ಯಾಚ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ. ದೋಷ ಅವುಗಳಲ್ಲಿ ಇಲ್ಲ, ಜೋಡಣೆಯಲ್ಲಿದೆ.

ಹೆಡ್‌ಫೋನಿಗೆ ಹೊಂದಿಸಿದ ಪ್ಯಾಚ್ ಅಂದರೆ ಅದರೊಳಗೆ ಒಂದು ಇಡೀ ಆಂಪ್ ಇದೆ: ಸದ್ದಿನ ಬಣ್ಣ ರೂಪಿಸುವ ಪ್ರೀಆಂಪ್, ಸ್ಪೀಕರ್ ಓಡಿಸುವ ಪವರ್ ಆಂಪ್, ಸ್ಪೀಕರ್ ಪೆಟ್ಟಿಗೆ, ಅದರ ಮುಂದೆ ಇಟ್ಟ ಮೈಕ್. ಅದನ್ನು ನಿಜವಾದ ಆಂಪಿನ ಇನ್‌ಪುಟ್‌ಗೆ ಕೊಟ್ಟಾಗ ಇಷ್ಟೂ ಎರಡೆರಡು ಸಲ ಆಗುತ್ತದೆ. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಕಡಿದಾಗಿ ಇಳಿದುಬಿಡುತ್ತದೆ. ಕ್ಯಾಬ್ ಸಿಮ್ ಮಾಡುವುದೂ ಅದೇ ಇಳಿತವನ್ನು. ಒಂದರ ಮೇಲೊಂದು ಬಿದ್ದಾಗ ತಂತಿಯ ಹೊಳಪಿಗೆ ಬೇಕಾದ ಭಾಗ ಪೂರ್ತಿ ಮಾಯ. ಇಲ್ಲದ್ದನ್ನು ಆಂಪಿನ ಟ್ರೆಬಲ್ ಎತ್ತಲಾರದು. ಅದು ಎತ್ತುವುದು 2-4 ಕಿಲೋಹರ್ಟ್ಸ್ ಅನ್ನು, ಕಿವಿಗೆ ಚುಚ್ಚುವ ಜಾಗವೂ ಅದೇ. ಕೆಳಗಡೆ ಕಥೆ ಉಲ್ಟಾ: ಪೆಟ್ಟಿಗೆಯ 100 ಹರ್ಟ್ಸ್ ಸುತ್ತಲಿನ ಉಬ್ಬು ಎರಡು ಸಲ ಸೇರಿ ಗುಮ್ಮೆನ್ನುತ್ತದೆ.

ನಡುವೆ ಏನೂ ಇಲ್ಲ ಅಂದಿರಲ್ಲ, ಅದಕ್ಕೆ ಕಾರಣ ಆಂಪಿನ ಟೋನ್ ನಾಬ್‌ಗಳು. ಮೂರನ್ನೂ 5ಕ್ಕೆ ಇಟ್ಟರೆ ಸಪಾಟು ಎಂದು ಬಹಳ ಜನ ತಿಳಿದಿರುತ್ತಾರೆ. ಫೆಂಡರ್ ಮಾದರಿಯ ಟೋನ್ ಸರ್ಕ್ಯೂಟ್‌ನಲ್ಲಿ ಆ ಸ್ಥಾನದಲ್ಲಿ 400-500 ಹರ್ಟ್ಸ್ ಸುತ್ತ ದೊಡ್ಡ ಗುಂಡಿ ಇರುತ್ತದೆ. ಸಪಾಟಿಗೆ ಹತ್ತಿರ ಬರಬೇಕಾದರೆ ಬಾಸ್ 2, ಟ್ರೆಬಲ್ 2, ಮಿಡ್ 10. ನೋಡಲು ವಿಚಿತ್ರ, ಕೇಳಲು ಸರಿ. ಪ್ರೊಸೆಸರಿನೊಳಗಿನ ಆಂಪ್ ಮಾಡೆಲ್ ಕೂಡ ಇಂಥದ್ದೇ ಗುಂಡಿ ತೋಡಿರುತ್ತದೆ. ಎರಡೂ ಸೇರಿದರೆ ಗಿಟಾರಿನ ಜೀವಾಳವಾದ ಮಿಡ್ ಎಲ್ಲಿ ಉಳಿಯುತ್ತದೆ?

ಜೋಡಣೆಗೆ ಮೂರು ದಾರಿ. ನಿಮ್ಮ ಸಾಮಾನಿಗೆ ಮೂರೂ ಸಾಧ್ಯ.

ಮೊದಲನೆಯದು, ಪ್ರೊಸೆಸರ್ ಔಟ್‌ಪುಟ್‌ನಿಂದ ಆಂಪಿನ ರಿಟರ್ನ್‌ಗೆ. ಇಲ್ಲಿ ಆಂಪಿನ ಪ್ರೀಆಂಪ್, ಟೋನ್ ನಾಬ್‌ಗಳು ಆಟದಿಂದ ಹೊರಗೆ. ಆಂಪ್ ಮಾಡೆಲ್ ಆನ್, ಕ್ಯಾಬ್ ಸಿಮ್ ಆಫ್. ಪ್ರೊಸೆಸರಿನಲ್ಲಿ ಒಂದೇ ಆಂಪಿಗೆ 'ಪೂರ್ತಿ ಆಂಪ್', 'ಪ್ರೀಆಂಪ್ ಮಾತ್ರ' ಎಂದು ಎರಡು ಬಗೆ ಇದ್ದರೆ ಪ್ರೀಆಂಪ್ ಮಾತ್ರ ಆರಿಸಿ, ಏಕೆಂದರೆ ನಿಮ್ಮ ಕಾಂಬೊದ ಪವರ್ ಟ್ಯೂಬ್‌ಗಳು ತಮ್ಮ ಪಾಲಿನ ಬಣ್ಣವನ್ನು ಹೇಗೂ ಹಚ್ಚುತ್ತವೆ. ಪ್ರೆಸೆನ್ಸ್ ನಾಬ್ ಸಾಮಾನ್ಯವಾಗಿ ಪವರ್ ಆಂಪಿಗೆ ಸೇರಿದ್ದು, ಹಾಗಾಗಿ ಅದು ರಿಟರ್ನ್‌ನಲ್ಲೂ ಕೆಲಸ ಮಾಡುತ್ತದೆ. ನಡುವೆ ಇಟ್ಟು ಶುರುಮಾಡಿ.

ಎರಡನೆಯದು, ಮುಂದಿನ ಇನ್‌ಪುಟ್‌ಗೆ, ಆಂಪಿನ ಕ್ಲೀನ್ ಚಾನೆಲ್‌ನಲ್ಲಿ. ಆಂಪ್ ಮಾಡೆಲ್ ಆಫ್, ಕ್ಯಾಬ್ ಸಿಮ್ ಆಫ್. ಪ್ರೊಸೆಸರ್ ಬರೀ ಪೆಡಲ್‌ಗಳ ಸಾಲು.

ಮೂರನೆಯದು ನಾಲ್ಕು ಕೇಬಲ್. ಅದರ ಬಗ್ಗೆ ಆಮೇಲೆ. ಮೊದಲೆರಡು ಸರಿಯಾಗದೆ ಅದಕ್ಕೆ ಕೈಹಾಕಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ.

ಸಿಸ್ಟಮ್ ಮೆನುವಿನಲ್ಲಿ ಔಟ್‌ಪುಟ್ ಆಯ್ಕೆ ಎಂಬುದೊಂದು ಇದೆಯೇ ನೋಡಿ. ಕಾಂಬೊ, ಸ್ಟ್ಯಾಕ್, ರಿಟರ್ನ್, ಲೈನ್/ಫೋನ್ಸ್ ಅಂತೆಲ್ಲ ಪಟ್ಟಿ ಇರುತ್ತದೆ. ಹೆಡ್‌ಫೋನಿಗಾಗಿ ಲೈನ್/ಫೋನ್ಸ್‌ನಲ್ಲಿ ಇಟ್ಟದ್ದು ಹಾಗೇ ಉಳಿದರೆ, ನೀವು ಪ್ಯಾಚ್‌ನಲ್ಲಿ ಏನೇ ಮಾಡಿದರೂ ಕೆಲವು ಪ್ರೊಸೆಸರ್‌ಗಳು ಕ್ಯಾಬ್ ಸಿಮ್ ಅನ್ನು ಕೊನೆಯಲ್ಲಿ ಸೇರಿಸಿಯೇ ಕಳಿಸುತ್ತವೆ. ಇದು ಇಡೀ ಯಂತ್ರಕ್ಕೆ ಅನ್ವಯಿಸುವ ಸೆಟ್ಟಿಂಗ್, ಪ್ಯಾಚ್‌ನೊಳಗೆ ಹುಡುಕಿದರೆ ಸಿಗುವುದಿಲ್ಲ.

ರಿಟರ್ನ್‌ಗೆ ಚುಚ್ಚುವ ಮುನ್ನ ಒಂದು ಎಚ್ಚರಿಕೆ. ಎಷ್ಟೋ ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಲೂಪಿಗಿಂತ ಮೊದಲೇ ಬರುತ್ತದೆ. ಅಂಥ ಆಂಪಿನಲ್ಲಿ ಮಾಸ್ಟರ್ ಸೊನ್ನೆಗೆ ಇಟ್ಟಿದ್ದರೂ ಪವರ್ ಆಂಪ್ ಪೂರ್ತಿ ತೆರೆದಿರುತ್ತದೆ, ಸದ್ದನ್ನು ಹಿಡಿದಿಡುವುದು ಪ್ರೊಸೆಸರಿನ ಔಟ್‌ಪುಟ್ ನಾಬ್ ಒಂದೇ. ಅದನ್ನು ಸೊನ್ನೆಗೆ ತಂದು, ಆಂಪ್ ಸ್ಟ್ಯಾಂಡ್‌ಬೈನಲ್ಲಿರುವಾಗ ಕೇಬಲ್ ಹಾಕಿ, ಆಮೇಲೆ ನಿಧಾನಕ್ಕೆ ಏರಿಸಿ. ಇನ್ನೊಂದು: ಟ್ಯೂಬ್ ಆಂಪನ್ನು ಸ್ಪೀಕರ್ ಕಳಚಿ ಎಂದೂ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

---

ವ್ಯಾಟ್‌ಮೂರ್ತಿ

ಹೊಗೆ ಅವರು ಹೇಳಿದ್ದೆಲ್ಲ ಸರಿ, ಆದರೆ ಟ್ಯೂಬ್ ಆಂಪಿನ ಕ್ಲೀನ್ ಚಾನೆಲ್ ಕೈಯಲ್ಲಿರುವಾಗ ರಿಟರ್ನ್‌ಗೆ ಹಾಕಿ ಅದನ್ನು ಬರೀ ಪವರ್ ಆಂಪಾಗಿ ದುಡಿಸುವುದು ನನ್ನ ಮಟ್ಟಿಗೆ ದಂಡ. ಎರಡನೇ ದಾರಿಯನ್ನು ಮೊದಲು ನೆಟ್ಟಗೆ ಮಾಡಿ ನೋಡಿ. ಬಹಳಷ್ಟು ಸಂದರ್ಭದಲ್ಲಿ ಅಷ್ಟೇ ಸಾಕು.

ಕ್ರಮ ಹೀಗೆ. ಪ್ರೊಸೆಸರ್ ಪಕ್ಕಕ್ಕಿಡಿ. ಗಿಟಾರ್ ನೇರ ಆಂಪಿಗೆ. ಕ್ಲೀನ್ ಚಾನೆಲ್‌ನಲ್ಲಿ, ಡ್ರಮ್ಸ್ ಜೊತೆ ನುಡಿಸುವಾಗ ಬೇಕಾಗುವಷ್ಟೇ ಸದ್ದಿನಲ್ಲಿ, ಬಾಸ್ 3, ಮಿಡ್ 6-7, ಟ್ರೆಬಲ್ 4-5ರಿಂದ ಶುರುಮಾಡಿ ಕಿವಿಗೆ ಒಪ್ಪುವ ಸದ್ದು ಹಿಡಿಯಿರಿ. ಜೋರಾಗಿ ಸ್ಟ್ರಮ್ ಮಾಡಿದಾಗ ಆಂಪ್ ಒಡೆಯುವ ಅಂಚಿಗೆ ಇನ್ನೂ ಸ್ವಲ್ಪ ದೂರದಲ್ಲಿರಲಿ. ಈ ನಾಬ್‌ಗಳನ್ನು ಇನ್ನು ಮುಟ್ಟುವಂತಿಲ್ಲ.

ಈಗ ಪ್ರೊಸೆಸರನ್ನು ನಡುವೆ ತನ್ನಿ, ಎಲ್ಲ ಬ್ಲಾಕ್ (ಪ್ಯಾಚ್‌ನೊಳಗಿನ ಒಂದೊಂದು ಎಫೆಕ್ಟ್) ಆಫ್ ಇರುವ ಖಾಲಿ ಪ್ಯಾಚ್ ಮಾಡಿ. ಗಿಟಾರ್ ನೇರ ಹಾಕಿದಾಗಿನ ಸದ್ದಿಗೂ ಇದಕ್ಕೂ ವ್ಯತ್ಯಾಸ ಕೇಳಬಾರದು. ಕೇಳಿದರೆ ಮೂರು ಕಡೆ ನೋಡಿ. ಒಂದು, ಔಟ್‌ಪುಟ್ ಮಟ್ಟ ಇನ್‌ಸ್ಟ್ರುಮೆಂಟ್ ಬದಲು ಲೈನ್‌ಗೆ ಇದ್ದರೆ ಆಂಪಿನ ಇನ್‌ಪುಟ್ ಟ್ಯೂಬ್ ಹೊಡೆತ ತಿಂದು ಕ್ಲೀನ್ ಸದ್ದೇ ಕೊಳಕಾಗುತ್ತದೆ. ಎರಡು, ಹಂಬಕರ್ ಜೋರಿದ್ದರೆ ಪ್ರೊಸೆಸರಿನ ಇನ್‌ಪುಟ್ ಕ್ಲಿಪ್ ಆಗುತ್ತಿರಬಹುದು. ಬ್ರಿಜ್ ಪಿಕಪ್‌ನಲ್ಲಿ ಗಟ್ಟಿಯಾಗಿ ಸ್ಟ್ರಮ್ ಮಾಡಿದಾಗ ಕ್ಲಿಪ್ ದೀಪ ಹತ್ತಿದರೆ ಇನ್‌ಪುಟ್ ಸೆನ್ಸಿಟಿವಿಟಿ ಇಳಿಸಿ ಅಥವಾ ಪ್ಯಾಡ್ ಒತ್ತಿ. ಡಿಜಿಟಲ್ ಕ್ಲಿಪ್ಪಿಂಗ್‌ನ ಚಟಪಟ ಸದ್ದನ್ನು ಮುಂದೆ ಯಾವ ಈಕ್ಯೂನಿಂದಲೂ (ಬಾಸ್, ಮಿಡ್, ಟ್ರೆಬಲ್ ತಿದ್ದುವ ಬ್ಲಾಕ್) ತೊಳೆಯಲು ಆಗುವುದಿಲ್ಲ. ಮೂರು, ಔಟ್‌ಪುಟ್ ಜ್ಯಾಕ್. ಒಂದೇ ಆಂಪಿಗೆ ಹೋಗುವುದಾದರೆ ಎಲ್/ಮೋನೊ ಎಂದು ಬರೆದಿರುವ ಜ್ಯಾಕ್‌ಗೇ ಹಾಕಬೇಕು. ಬಲಗಡೆಯದಕ್ಕೆ ಹಾಕಿದರೆ ಸ್ಟೀರಿಯೊ ಡಿಲೇಯ ಅರ್ಧ ಮಾತ್ರ ಬರುತ್ತದೆ. ಹೆಡ್‌ಫೋನ್ ಜ್ಯಾಕ್‌ನಿಂದ ಆಂಪಿಗೆ ಎಳೆಯುವ ಯೋಚನೆಯಂತೂ ಬೇಡ.

ಖಾಲಿ ಪ್ಯಾಚ್ ಸರಿಹೋದ ಮೇಲೆ ಓವರ್‌ಡ್ರೈವ್ ಒಂದನ್ನು ಸೇರಿಸಿ. ಗೇನ್ 3-4, ಲೆವೆಲ್ 6-7, ಟೋನ್ ನಡುವೆ. ಗೇನ್ ಕಡಿಮೆ ಲೆವೆಲ್ ಹೆಚ್ಚು ಎಂಬ ಈ ಅನುಪಾತದಲ್ಲಿ ಆಂಪೂ ಒಂದಿಷ್ಟು ಒಡೆಯುತ್ತದೆ, ಮೀಟಿದ ಬಲಕ್ಕೆ ತಕ್ಕ ಉತ್ತರ ಬರುತ್ತದೆ. ಗೇನ್ 8ಕ್ಕೆ ಇಟ್ಟು ಲೆವೆಲ್ ಇಳಿಸಿದರೆ ಎಲ್ಲ ಪೆಟ್ಟಿಗೂ ಒಂದೇ ಉತ್ತರ.

ಡಿಲೇ, ರಿವರ್ಬ್ ಕೂಡ ಇನ್‌ಪುಟ್‌ಗೇ ಹೋಗುತ್ತವಲ್ಲ, ಪರವಾಗಿಲ್ಲವೇ ಎಂದರೆ, ಆಂಪ್ ಕ್ಲೀನ್ ಇರುವ ತನಕ ಪರವಾಗಿಲ್ಲ. ಆಂಪಿನದೇ ಡಿಸ್ಟಾರ್ಷನ್ ಚಾನೆಲ್‌ಗೆ ಹೋದಿರೋ, ಡಿಲೇಯ ಪ್ರತಿ ಮರುದನಿಯೂ ಹೊಸದಾಗಿ ಡಿಸ್ಟಾರ್ಟ್ ಆಗಿ ಅಸಲಿಯಷ್ಟೇ ಜೋರಾಗಿ ನಿಲ್ಲುತ್ತದೆ, ರಿವರ್ಬ್ ರಾಡಿಯಾಗುತ್ತದೆ. ಆಂಪಿನ ಡಿಸ್ಟಾರ್ಷನ್ನೇ ಬೇಕು ಅನ್ನುವವರಿಗೆ ಮಾತ್ರ ನಾಲ್ಕು ಕೇಬಲ್. ಟ್ರಾನ್ಸಿಸ್ಟರ್ ಆಂಪಿನವರಿಗೂ ಇದೇ ಮಾತು. 1975ರಿಂದ ಬರುತ್ತಿರುವ ರೋಲ್ಯಾಂಡ್ ಜೆಸಿ-120 ಇಷ್ಟು ವರ್ಷ ಪೆಡಲ್ ಮಂದಿಗೆ ಅಚ್ಚುಮೆಚ್ಚಾಗಿ ಉಳಿದಿರುವುದೇ ಅದು ಎಷ್ಟು ಏರಿಸಿದರೂ ಕ್ಲೀನ್ ಆಗಿ ನಿಲ್ಲುವುದರಿಂದ.

---

ಪಿಕ್ ಕಳ್ಕೊಂಡವ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟಮ್ ಮೆನುವಿನಲ್ಲಿ ಔಟ್‌ಪುಟ್ ಲೈನ್/ಫೋನ್ಸ್‌ನಲ್ಲೇ ಇತ್ತು. ಕಾಂಬೊ ರಿಟರ್ನ್ ಆರಿಸಿ, ರಿಟರ್ನ್‌ಗೆ ಹಾಕಿದ ಕೂಡಲೇ ಮಂಕು ಹೋಯಿತು. ಇನ್‌ಪುಟ್ ದಾರಿಯೂ ಈಗ ಚೆನ್ನಾಗಿದೆ. ಆದರೆ ಆಂಪಿನ ಎರಡನೇ ಚಾನೆಲ್‌ನ ಡಿಸ್ಟಾರ್ಷನ್ ಬಿಡಲು ಮನಸ್ಸಿಲ್ಲ, ಅದಕ್ಕೆ ನಾಲ್ಕು ಕೇಬಲ್ ಹಾಕಿದೆ. ಮೂರು ತೊಂದರೆ: ಗುಂಯ್ ಎಂಬ ಹಮ್ ಬರುತ್ತದೆ, ಗಿಟಾರ್ ವಾಲ್ಯೂಮ್ ಇಳಿಸಿದರೂ ಇರುತ್ತದೆ. ಲೂಪ್ ಬ್ಲಾಕ್ ಆನ್ ಮಾಡಿದರೆ ಸದ್ದು ಇಳಿಯುತ್ತದೆ. ಜೊತೆಗೆ ಸಣ್ಣಗೆ ಫೇಸರ್ ಹಾಕಿದ ಹಾಗೆ ಟೊಳ್ಳು ಸದ್ದು. ಆಂಪಿನ ಹಿಂದೆ ಲೂಪ್ ಮಿಕ್ಸ್ ಎಂಬ ನಾಬ್ ಇದೆ, ನಡುವೆ ಇದೆ.

---

ಸೋಲ್ಡರ್ ಹೊಗೆ

ಟೊಳ್ಳು ಸದ್ದಿನ ಕಾರಣ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಮಿಕ್ಸ್ ನಾಬ್ ಇದೆ ಎಂದರೆ ಅದು ಪ್ಯಾರಲಲ್ ಲೂಪ್. ಅರ್ಧ ಸಿಗ್ನಲ್ ಆಂಪಿನೊಳಗೇ ನೇರ ಹೋಗುತ್ತಿದೆ, ಇನ್ನರ್ಧ ಪ್ರೊಸೆಸರ್ ಸುತ್ತಿ ಬರುತ್ತಿದೆ. ಅನಲಾಗ್‌ನಿಂದ ಡಿಜಿಟಲ್, ಮತ್ತೆ ಡಿಜಿಟಲ್‌ನಿಂದ ಅನಲಾಗ್ ಆಗುವುದರಲ್ಲಿ ಒಂದೆರಡು ಮಿಲಿಸೆಕೆಂಡ್ ತಡವಾಗುತ್ತದೆ. ಬರೀ 1 ಮಿಲಿಸೆಕೆಂಡ್ ತಡವಾದ ಸಿಗ್ನಲ್ ಅಸಲಿ ಜೊತೆ ಸಮಸಮ ಬೆರೆತರೂ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ಗುಂಡಿಗಳು ಬೀಳುತ್ತವೆ. ಮಿಕ್ಸ್ ನಾಬನ್ನು 100 ಪ್ರತಿಶತಕ್ಕೆ ತಿರುಗಿಸಿ, ಲೂಪ್ ಸೀರಿಯಲ್ ಆಗುತ್ತದೆ, ಟೊಳ್ಳು ಹೋಗುತ್ತದೆ. 100ಕ್ಕೆ ತಿರುಗಿಸಿದರೂ ನೇರ ಸಿಗ್ನಲ್ ಪೂರ್ತಿ ಕಡಿಯದ ಆಂಪ್‌ಗಳಿವೆ, ಅವಕ್ಕೆ ನಾಲ್ಕು ಕೇಬಲ್ ಜೋಡಣೆ ಹೊಂದುವುದಿಲ್ಲ.

ಓದುವ ಬೇರೆಯವರಿಗಾಗಿ ಜೋಡಣೆಯನ್ನು ಬರೆದುಬಿಡುತ್ತೇನೆ:

1. ಗಿಟಾರ್ → ಪ್ರೊಸೆಸರ್ ಇನ್‌ಪುಟ್
2. ಪ್ರೊಸೆಸರ್ ಸೆಂಡ್ → ಆಂಪ್ ಇನ್‌ಪುಟ್
3. ಆಂಪ್ ಸೆಂಡ್ → ಪ್ರೊಸೆಸರ್ ರಿಟರ್ನ್
4. ಪ್ರೊಸೆಸರ್ ಔಟ್‌ಪುಟ್ (ಎಲ್/ಮೋನೊ) → ಆಂಪ್ ರಿಟರ್ನ್

ಪ್ಯಾಚ್‌ನಲ್ಲಿ ಲೂಪ್ ಬ್ಲಾಕ್ ಕೂರುವ ಜಾಗವೇ ಆಂಪಿನ ಪ್ರೀಆಂಪ್ ಇರುವ ಜಾಗ. ವಾ, ಕಂಪ್ರೆಸರ್, ಓವರ್‌ಡ್ರೈವ್ ಅದಕ್ಕಿಂತ ಮೊದಲು. ಕೋರಸ್, ಡಿಲೇ, ರಿವರ್ಬ್ ಅದರ ನಂತರ. ಲೂಪ್ ಬ್ಲಾಕ್ ಆನ್ ಇದ್ದಾಗ ಆಂಪ್ ಮಾಡೆಲ್ ಆಫ್. ಇದರ ಅನುಕೂಲ ಏನೆಂದರೆ ಒಂದು ಪ್ಯಾಚ್‌ನಲ್ಲಿ ನಿಮ್ಮ ಆಂಪಿನ ಪ್ರೀಆಂಪ್, ಇನ್ನೊಂದರಲ್ಲಿ ಲೂಪ್ ಬ್ಲಾಕ್ ಆಫ್ ಮಾಡಿ ಪ್ರೊಸೆಸರಿನ ಮಾಡೆಲ್, ಎರಡೂ ಒಂದೇ ಜೋಡಣೆಯಲ್ಲಿ ಸಿಗುತ್ತವೆ.

ಸದ್ದು ಇಳಿಯುವುದಕ್ಕೆ ಕಾರಣ ಮಟ್ಟದ ಹೊಂದಾಣಿಕೆ ಇಲ್ಲದಿರುವುದು. ಸ್ಟುಡಿಯೊ ಲೈನ್ ಮಟ್ಟ +4 ಡಿಬಿಯು ಎಂದರೆ 1.23 ವೋಲ್ಟ್, ಇನ್ನೊಂದು ಮಟ್ಟ, ಮೈನಸ್ 10 ಡಿಬಿವಿ ಎಂದರೆ 0.316 ವೋಲ್ಟ್. ಇವೆರಡರ ನಡುವೆ ಸುಮಾರು 12 ಡಿಬಿ ಅಂತರ. ಗಿಟಾರ್ ಮಟ್ಟ ಇನ್ನೂ ಕೆಳಗೆ. ಕೆಲವು ಆಂಪ್‌ಗಳ ಲೂಪ್ ಲೈನ್ ಮಟ್ಟದಲ್ಲಿ, ಕೆಲವು ಗಿಟಾರ್ ಮಟ್ಟದಲ್ಲಿ ಓಡುತ್ತವೆ. ಆಂಪಿನ ಹಿಂದೆ ಸ್ವಿಚ್ ಇದ್ದರೆ ಅದು ಯಾವ ಕಡೆ ಇದೆ ನೋಡಿ, ಪ್ರೊಸೆಸರಿನ ರಿಟರ್ನ್ ಮತ್ತು ಮುಖ್ಯ ಔಟ್‌ಪುಟ್ ಅದಕ್ಕೆ ತಕ್ಕಂತಿರಲಿ. 2ನೇ ಕೇಬಲ್‌ನ ಸೆಂಡ್ ಮಾತ್ರ ಯಾವಾಗಲೂ ಇನ್‌ಸ್ಟ್ರುಮೆಂಟ್ ಮಟ್ಟದಲ್ಲಿರಬೇಕು, ಅದು ಹೋಗುವುದು ಗಿಟಾರ್ ಜಾಗಕ್ಕೆ.

ಪರೀಕ್ಷೆ ಸುಲಭ. ಮೊದಲು 2 ಮತ್ತು 3ನೇ ಕೇಬಲ್ ಕಳಚಿ, ಪ್ರೊಸೆಸರಿನ ಸೆಂಡ್‌ನಿಂದ ಅದರದೇ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿ. ಲೂಪ್ ಬ್ಲಾಕ್ ಆನ್-ಆಫ್ ಮಾಡಿದಾಗ ಸದ್ದು ಬದಲಾಗಬಾರದು. ಬದಲಾದರೆ ಪ್ರೊಸೆಸರಿನ ಸೆಂಡ್, ರಿಟರ್ನ್ ಮಟ್ಟ ಹೊಂದಿಸಿ. ಆಮೇಲೆ ನಾಲ್ಕು ಕೇಬಲ್ ಹಾಕಿ, ಗಿಟಾರ್ ನೇರ ಆಂಪಿಗೆ ಹಾಕಿದಾಗಿನ ಸದ್ದಿಗೆ ಸರಿಯಾಗುವವರೆಗೆ ಮುಖ್ಯ ಔಟ್‌ಪುಟ್ ಮಾತ್ರ ತಿದ್ದಿ.

ಇನ್ನು ಹಮ್. ಗಿಟಾರ್ ವಾಲ್ಯೂಮ್ ಇಳಿಸಿದರೂ ಇದ್ದರೆ ಅದು ಪಿಕಪ್‌ನದ್ದಲ್ಲ, ಗ್ರೌಂಡ್ ಲೂಪ್. ಎರಡು ಯಂತ್ರಗಳ ಗ್ರೌಂಡ್ ಈಗ ಮೂರು ಕೇಬಲ್‌ಗಳ ಶೀಲ್ಡ್ ಮೂಲಕ ಸೇರಿದೆ. ಆ ಸುತ್ತಿನೊಳಗೆ ಹಾದುಹೋಗುವ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ 50 ಅಥವಾ 60 ಹರ್ಟ್ಸ್ ಕರೆಂಟನ್ನು ಹುಟ್ಟಿಸುತ್ತದೆ. ಮೊದಲ ಉಪಾಯ ಪುಕ್ಕಟೆ: 2, 3, 4ನೇ ಕೇಬಲ್‌ಗಳನ್ನು ಒಟ್ಟಿಗೆ ಸೇರಿಸಿ ಉದ್ದಕ್ಕೂ ಕಟ್ಟಿ. ಸುತ್ತಿನ ಅಗಲ ಕಡಿಮೆಯಾದಷ್ಟೂ ಹಮ್ ಕಡಿಮೆ. ಆ ಕಟ್ಟನ್ನು ಅಡಾಪ್ಟರ್ ಮತ್ತು ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ಇರುವ ಬದಿಯಿಂದ ದೂರ ಒಯ್ಯಿರಿ. ಎರಡನ್ನೂ ಒಂದೇ ಪವರ್ ಬೋರ್ಡ್‌ಗೆ ಚುಚ್ಚಿ. ಅದಕ್ಕೂ ಬಗ್ಗದಿದ್ದರೆ 3 ಅಥವಾ 4ನೇ ಕೇಬಲ್‌ನಲ್ಲಿ 1:1 ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಒಂದೊಂದರಲ್ಲಿ ಹಾಕಿ ನೋಡಿದರೆ ಯಾವುದರಲ್ಲಿ ಹಮ್ ಸಾಯುತ್ತದೆ ಎಂದು ಗೊತ್ತಾಗುತ್ತದೆ. ಬೆಸುಗೆ ಬರುವವರು 3ನೇ ಕೇಬಲ್‌ನ ಒಂದು ತುದಿಯಲ್ಲಿ ಮಾತ್ರ ಶೀಲ್ಡ್ ಬಿಡಿಸಿದರೂ ಆಗುತ್ತದೆ, ಮಿಕ್ಕ ಕೇಬಲ್‌ಗಳ ಮೂಲಕ ಗ್ರೌಂಡ್ ಇದ್ದೇ ಇರುತ್ತದೆ. ಆ ಕೇಬಲ್ ಮೇಲೆ ಗುರುತು ಹಾಕಿಡಿ, ಬೇರೆಲ್ಲೂ ಅದು ಕೆಲಸಕ್ಕೆ ಬರುವುದಿಲ್ಲ.

ಆಂಪಿನ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ಹಮ್ ನಿಲ್ಲಬಹುದು. ಆಂಪಿನೊಳಗೆ ಏನಾದರೂ ಕೆಟ್ಟ ದಿನ ಮೈನ್ಸ್ ವೋಲ್ಟೇಜ್ ಗಿಟಾರ್ ತಂತಿಗೇ ಬರುತ್ತದೆ. ಮಾಡಲೇಬೇಡಿ.

---

ತಂತಿ ಕಿತ್ತವ

ನಡುವೆ ಬಾಯಿ ಹಾಕುತ್ತಿದ್ದೇನೆ. ಲೂಪೇ ಇಲ್ಲದ 15 ವ್ಯಾಟ್ ಪ್ರಾಕ್ಟೀಸ್ ಆಂಪ್ ಆದರೆ? ಆಕ್ಸ್ ಇನ್ ಇದೆ.

---

ವ್ಯಾಟ್‌ಮೂರ್ತಿ

@ತಂತಿ ಕಿತ್ತವ, ಎರಡೂ ಹಾಕಿ ನೋಡಬಹುದು. ಇನ್‌ಪುಟ್‌ಗಾದರೆ ಮೇಲೆ ಬರೆದ ಕ್ಲೀನ್ ಚಾನೆಲ್ ಕ್ರಮವೇ. ಆಕ್ಸ್ ಇನ್ ಸಾಮಾನ್ಯವಾಗಿ ಪ್ರೀಆಂಪ್ ದಾಟಿ ನೇರ ಪವರ್ ಆಂಪಿಗೆ ಹೋಗುತ್ತದೆ, ಹಾಗಾಗಿ ಅದನ್ನೇ ರಿಟರ್ನ್ ಅಂದುಕೊಂಡು ಆಂಪ್ ಮಾಡೆಲ್ ಆನ್, ಕ್ಯಾಬ್ ಆಫ್. ಆಂಪ್ ಮಾಡೆಲಿಂಗ್ ಜಾತಿಯದ್ದಾಗಿ ಹಾಡು ಕೇಳಲೂ ಆಗುವಂಥ ಸ್ಪೀಕರ್ ಇದ್ದರೆ ಮಾತ್ರ ಕ್ಯಾಬ್ ಆನ್. ಹೇಗೆ ಗುರುತಿಸುವುದು? ಆಕ್ಸ್‌ಗೆ ಫೋನ್ ಹಾಕಿ ಹಾಡು ಕೇಳಿ. ಸಿಂಬಲ್‌ಗಳು ಸ್ಪಷ್ಟ ಇದ್ದರೆ ಕ್ಯಾಬ್ ಬೇಕು, ಮಂಕಾಗಿದ್ದರೆ ಬೇಡ. ಆಕ್ಸ್ ಸ್ಟೀರಿಯೊ ಮಿನಿ ಜ್ಯಾಕ್ ಆಗಿರುವುದರಿಂದ ಮೋನೊ ಪ್ಲಗ್‌ನಿಂದ ಎರಡೂ ಚಾನೆಲ್‌ಗೆ ಹೋಗುವ ಅಡಾಪ್ಟರ್ ಬೇಕು.

---

ಮಿಡ್‌ರೇಂಜ್ ಭಕ್ತ

ಬ್ಯಾಂಡ್‌ನಲ್ಲಿ ಗಿಟಾರ್ ಮಾಯವಾಗುವ ವಿಷಯಕ್ಕೆ ಯಾರೂ ಬರಲಿಲ್ಲ. ಜೋಡಣೆ ಸರಿಯಾದ ಮೇಲೂ ಅದು ಉಳಿದುಕೊಳ್ಳುವ ತೊಂದರೆ.

ಕಡಿಮೆ ಸದ್ದಿನಲ್ಲಿ ನಮ್ಮ ಕಿವಿ ಬಾಸ್ ಮತ್ತು ತೀರಾ ಮೇಲಿನ ಟ್ರೆಬಲ್ ಅನ್ನು ಸರಿಯಾಗಿ ಕೇಳುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ರೇಖೆಗಳನ್ನು ಪ್ರಕಟಿಸಿದ್ದಾರೆ. ಹೆಡ್‌ಫೋನ್ ಹಾಕಿ ಮೆಲ್ಲಗೆ ಕೇಳುತ್ತಾ ಪ್ಯಾಚ್ ಮಾಡುವವರು ಆ ಕೊರತೆ ತುಂಬಲು ಬಾಸ್, ಟ್ರೆಬಲ್ ಏರಿಸಿರುತ್ತಾರೆ, ಮಿಡ್ ಇಳಿಸಿರುತ್ತಾರೆ. ಜೋರಾಗಿ ನುಡಿಸಿದಾಗ ಕಿವಿಯ ಕೊರತೆ ಮಾಯವಾಗಿ ಏರಿಸಿದ್ದು ಮಾತ್ರ ಉಳಿಯುತ್ತದೆ. ಆ ಬಾಸ್ ಅನ್ನು ಬಾಸ್ ಗಿಟಾರ್, ಕಿಕ್ ಡ್ರಮ್ ನುಂಗುತ್ತವೆ, ಆ ಟ್ರೆಬಲ್ ಅನ್ನು ಸಿಂಬಲ್ ನುಂಗುತ್ತದೆ. ಗಿಟಾರಿಗೆ ಉಳಿದದ್ದು ಏನು? ಆದ್ದರಿಂದ ಪ್ಯಾಚನ್ನು ನುಡಿಸುವ ಸದ್ದಿನಲ್ಲೇ ಮಾಡಬೇಕು. ಬೇರೆ ದಾರಿ ಇಲ್ಲ.

ನುಡಿಸುತ್ತಾ ನಾಬ್ ತಿರುಗಿಸಲು ಮೂರನೇ ಕೈ ಇಲ್ಲವಾದ್ದರಿಂದ ಲೂಪರ್ ಬಳಸಿ. ಲೂಪರ್ ಬ್ಲಾಕನ್ನು ಸಾಲಿನ ಎಲ್ಲಕ್ಕಿಂತ ಮೊದಲು ಇಡಿ, ಅಥವಾ ಪ್ರೀ/ಪೋಸ್ಟ್ ಆಯ್ಕೆ ಇದ್ದರೆ ಪ್ರೀ ಮಾಡಿ. ಒಂದು ಕಾರ್ಡ್ ತುಣುಕು, ಪಾಮ್ ಮ್ಯೂಟ್, ಒಂದೆರಡು ಸೋಲೋ ಸಾಲು ರೆಕಾರ್ಡ್ ಮಾಡಿ ಓಡಲು ಬಿಡಿ. ಈಗ ಎರಡೂ ಕೈ ಖಾಲಿ, ಪ್ರತಿ ಬದಲಾವಣೆಯೂ ಅದೇ ನುಡಿತದ ಮೇಲೆ ಕೇಳುತ್ತದೆ. ಲೂಪರ್ ಕೊನೆಯಲ್ಲಿದ್ದರೆ ಈ ಉಪಾಯ ನಡೆಯುವುದಿಲ್ಲ, ಆಗಿಹೋದ ಸದ್ದೇ ಮತ್ತೆ ಮತ್ತೆ ಬರುತ್ತದೆ.

ನಿಂತು ಕೇಳಿ, ಆಂಪಿನಿಂದ ಎರಡು ಮೂರು ಮೀಟರ್ ದೂರದಲ್ಲಿ. ಗಿಟಾರ್ ಸ್ಪೀಕರ್ ಎತ್ತರದ ಸ್ವರಗಳನ್ನು ಟಾರ್ಚ್‌ನಂತೆ ನೇರ ಮುಂದಕ್ಕೆ ಬಿಡುತ್ತದೆ. ನೆಲದ ಮೇಲಿಟ್ಟ ಕಾಂಬೊ ಮೊಣಕಾಲಿಗೆ ಟ್ರೆಬಲ್ ಕೇಳಿಸುತ್ತದೆ, ಕಿವಿಗಲ್ಲ. ನೀವು ಮಂಕು ಎಂದು ಏರಿಸುತ್ತೀರಿ, ಎದುರಿಗೆ ಕೂತವರು ಮುಖ ಹಿಂಡುತ್ತಾರೆ. ಆಂಪನ್ನು ಹಿಂದಕ್ಕೆ ವಾಲಿಸಿ ಇಲ್ಲವೇ ಎತ್ತರಕ್ಕೆ ಇಡಿ. ಗೋಡೆಯ ಮೂಲೆಯಲ್ಲಿಟ್ಟರೆ ಬಾಸ್ ಉಬ್ಬುತ್ತದೆ, ಅದನ್ನು ಈಕ್ಯೂನಲ್ಲಿ ಕಳೆಯುವ ಬದಲು ಮುಂದಕ್ಕೆ ಎಳೆಯುವುದು ಸುಲಭ.

ಈಕ್ಯೂ ಬ್ಲಾಕನ್ನು ಡಿಸ್ಟಾರ್ಷನ್ ನಂತರ, ಡಿಲೇಗೆ ಮೊದಲು ಇಡಿ. ಲೋ ಕಟ್ 90-100 ಹರ್ಟ್ಸ್. ಆರನೇ ತಂತಿಯ ಮೂಲ ಸ್ವರವೇ 82.4 ಹರ್ಟ್ಸ್ ಅಲ್ಲವೇ, ಅದನ್ನೇ ಕಡಿದ ಹಾಗಾಯಿತಲ್ಲ ಎನ್ನಬೇಡಿ. ಉಪಸ್ವರಗಳಿಂದ ಕಿವಿ ಆ ಸ್ವರವನ್ನು ಕೂಡಿಸಿಕೊಳ್ಳುತ್ತದೆ, ಆ ಜಾಗ ಬಾಸ್ ಗಿಟಾರಿಗೆ ಬೇಕು. 250-300 ಹರ್ಟ್ಸ್‌ನಲ್ಲಿ 2-3 ಡಿಬಿ ಇಳಿಸಿದರೆ ಗುಮ್ಮು ಕಡಿಮೆ. 800 ಹರ್ಟ್ಸ್‌ನಿಂದ 1.2 ಕಿಲೋಹರ್ಟ್ಸ್ ನಡುವೆ ಎಲ್ಲಾದರೂ 2-3 ಡಿಬಿ ಏರಿಸಿ. ಒಬ್ಬರೇ ಕೇಳಿದರೆ ಇದು ಮೂಗಿನಲ್ಲಿ ಹಾಡಿದಂತೆ ಇರುತ್ತದೆ, ಬ್ಯಾಂಡ್‌ನಲ್ಲಿ ಅದೇ ಗಿಟಾರನ್ನು ಮುಂದೆ ತರುತ್ತದೆ. ಒಂಟಿಯಾಗಿ ಚೆಂದ ಕೇಳುವ ಡಿಸ್ಟಾರ್ಷನ್ ಪ್ಯಾಚ್ ಬಗ್ಗೆ ನನಗೆ ಮೊದಲಿಂದಲೂ ಅನುಮಾನ.

ಗೇನ್ ಇಳಿಸಿ. ಹೆಡ್‌ಫೋನಿನಲ್ಲಿ 7 ಇದ್ದದ್ದು ಜೋರಾದ ಆಂಪಿನಲ್ಲಿ 4-5 ಸಾಕು. ಸದ್ದೇ ತಂತಿಯನ್ನು ಅಲುಗಿಸಿ ಸಸ್ಟೇನ್ ಕೊಡುತ್ತದೆ. ಗೇನ್ ಹೆಚ್ಚಾದಷ್ಟೂ ಸಿಗ್ನಲ್ ಒತ್ತಿಹೋಗಿ ಮೀಟಿನ ಮೊನೆ ಮಾಯವಾಗುತ್ತದೆ, ಗಿಟಾರ್ ಹಿಂದೆ ಸರಿಯುತ್ತದೆ.

ನಾಯ್ಸ್ ಗೇಟ್ (ನುಡಿಸದಿದ್ದಾಗ ಸದ್ದು ಮುಚ್ಚುವ ಬ್ಲಾಕ್) ಸಾಲಿನ ಮೊದಲಿಗೆ. ಗಿಟಾರ್ ವಾಲ್ಯೂಮ್ ಪೂರ್ತಿ ಇಟ್ಟು, ತಂತಿಗಳ ಮೇಲೆ ಕೈ ಇಟ್ಟು ಸುಮ್ಮನಿರಿಸಿ, ಸುಯ್ ಸದ್ದು ನಿಲ್ಲುವವರೆಗೆ ಥ್ರೆಶೋಲ್ಡ್ ಏರಿಸಿ, ಅಲ್ಲಿಗೆ ಬಿಡಿ. ಉದ್ದದ ಸ್ವರ ಕೊನೆಯಲ್ಲಿ ತುಂಡಾದರೆ ರಿಲೀಸ್ ಹೆಚ್ಚಿಸಿ. ನಾಲ್ಕು ಕೇಬಲ್‌ನಲ್ಲಿ ಆಂಪಿನ ಪ್ರೀಆಂಪ್ ಸುಯ್ ಎನ್ನುವುದು ಮೊದಲಿನ ಗೇಟಿಗೆ ಸಿಗುವುದಿಲ್ಲ, ಲೂಪ್ ಬ್ಲಾಕ್ ನಂತರ ಇನ್ನೊಂದು ಗೇಟ್ ಹಗುರವಾಗಿ ಬೇಕಾಗುತ್ತದೆ.

ಡಿಲೇ, ರಿವರ್ಬ್ ಹೆಡ್‌ಫೋನಿನಲ್ಲಿ ಇಟ್ಟದ್ದರ ಅರ್ಧಕ್ಕೆ ಇಳಿಸಿ, ಕೋಣೆಗೆ ತನ್ನದೇ ರಿವರ್ಬ್ ಇದೆ. ಡಿಲೇ ಸಮಯಕ್ಕೆ 60,000 ಅನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಬೀಳುವ ತಾಳದ ಪೆಟ್ಟು) ಭಾಗಿಸಿ. 120ಕ್ಕೆ 500 ಮಿಲಿಸೆಕೆಂಡ್, ಡಾಟೆಡ್ ಎಂಟನೇ ಸ್ವರ ಬೇಕಾದರೆ ಅದರ ಮುಕ್ಕಾಲು, 375.

---

ಪಿಕ್ ಕಳ್ಕೊಂಡವ

ಮಿಕ್ಸ್ 100 ಮಾಡಿದೆ, ಟೊಳ್ಳು ಹೋಯಿತು. ಕೇಬಲ್ ಕಟ್ಟಿದ ಮೇಲೆ ಹಮ್ ಬಹುಪಾಲು ಇಳಿಯಿತು, ಉಳಿದದ್ದಕ್ಕೆ ಟ್ರಾನ್ಸ್‌ಫಾರ್ಮರ್ ಹಾಕುತ್ತೇನೆ. ಕೊನೆಯದಾಗಿ ಎರಡು: ಪ್ಯಾಚ್‌ಗಳ ಮಟ್ಟ ಸಮ ಮಾಡುವುದು ಹೇಗೆ? ಆಂಪ್ ಜೊತೆಗೇ ಪಿಎಗೂ (ಕೇಳುಗರಿಗಾಗಿ ಇರುವ ದೊಡ್ಡ ಸ್ಪೀಕರ್ ವ್ಯವಸ್ಥೆ) ಲೈನ್ ಕೊಡಬೇಕಾದರೆ ಕ್ಯಾಬ್ ಸಿಮ್ ಏನು ಮಾಡಲಿ?

---

ಮಿಡ್‌ರೇಂಜ್ ಭಕ್ತ

ಮಟ್ಟವನ್ನು ಮೀಟರ್ ನೋಡಿ ಹೊಂದಿಸಬೇಡಿ. ಕ್ಲೀನ್ ಸದ್ದಿನ ಶಿಖರಗಳು ಎತ್ತರ, ಸರಾಸರಿ ಕಡಿಮೆ. ಡಿಸ್ಟಾರ್ಷನ್ ಒತ್ತಿಹೋಗಿರುವುದರಿಂದ ಶಿಖರ ಕಡಿಮೆ, ಸರಾಸರಿ ಹೆಚ್ಚು. ಮೀಟರಿನಲ್ಲಿ ಸಮ ಕಂಡದ್ದು ಕಿವಿಗೆ ಸಮ ಇರುವುದಿಲ್ಲ. ಹೆಚ್ಚು ಬಳಸುವ ರಿದಮ್ ಪ್ಯಾಚನ್ನು ಅಳತೆಗೋಲಾಗಿ ಇಟ್ಟುಕೊಂಡು, ಡ್ರಮ್ಸ್ ಟ್ರ್ಯಾಕ್ ಒಂದು ಓಡಿಸುತ್ತಾ, ಮಿಕ್ಕವನ್ನು ಪ್ಯಾಚ್ ಲೆವೆಲ್‌ನಲ್ಲೇ ತಿದ್ದಿ, ಗೇನ್‌ನಲ್ಲಿ ಅಲ್ಲ. ಸೋಲೋಗೆ 3-4 ಡಿಬಿ ಹೆಚ್ಚು, ಅದೂ ಡಿಸ್ಟಾರ್ಷನ್ ನಂತರ ಇಟ್ಟ ಬೂಸ್ಟ್‌ನಿಂದ. ಮೊದಲು ಇಟ್ಟರೆ ಗೇನ್ ಏರುತ್ತದೆ, ಸದ್ದು ಏರುವುದಿಲ್ಲ.

---

ಸೋಲ್ಡರ್ ಹೊಗೆ

ಪಿಎಗೆ ಕ್ಯಾಬ್ ಸಿಮ್ ಬೇಕೇ ಬೇಕು. ಇಲ್ಲದಿದ್ದರೆ 5 ಕಿಲೋಹರ್ಟ್ಸ್ ಮೇಲಿನ ಡಿಸ್ಟಾರ್ಷನ್ ಕಸವೆಲ್ಲ ಹಾರ್ನ್‌ನಿಂದ ಹೊರಬಂದು ಗರಗಸದಂತೆ ಕೇಳುತ್ತದೆ. ಪ್ಯಾಚ್‌ನ ಕೊನೆಯಲ್ಲಿ ದಾರಿಯನ್ನು ಎರಡಾಗಿ ಒಡೆಯಲು ಸಾಧ್ಯವೇ ನೋಡಿ: ಎಡ ಔಟ್‌ಪುಟ್‌ಗೆ ಕ್ಯಾಬ್ ಇಲ್ಲದೆ, ಅದು ಆಂಪಿಗೆ; ಬಲಕ್ಕೆ ಕ್ಯಾಬ್ ಬ್ಲಾಕ್ ಹಾಕಿ, ಅದು ಪಿಎಗೆ. ಹೀಗೆ ಮಾಡುವಾಗ ಡಿಲೇ, ರಿವರ್ಬ್ ಮೋನೊ ಇರಲಿ, ಇಲ್ಲವಾದರೆ ಪಿಂಗ್‌ಪಾಂಗ್ ಡಿಲೇಯ ಒಂದು ಪೆಟ್ಟು ನಿಮಗೆ, ಇನ್ನೊಂದು ಪೆಟ್ಟು ಕೇಳುಗರಿಗೆ ಹೋಗುತ್ತದೆ. ಮೊದಲು ಬರೆದ ಎಲ್/ಮೋನೊ ವಿಷಯ ಇಲ್ಲಿ ಅನ್ವಯಿಸುವುದಿಲ್ಲ, ಬಲ ಜ್ಯಾಕ್‌ಗೆ ಕೇಬಲ್ ಬಿದ್ದ ಕೂಡಲೇ ಅದು ಬರೀ ಎಡ ಔಟ್‌ಪುಟ್ ಆಗುತ್ತದೆ.

ನಾಲ್ಕು ಕೇಬಲ್ ಜೋಡಣೆಯಲ್ಲೂ ಇದು ನಡೆಯುತ್ತದೆ, ಆಂಪಿನ ಪ್ರೀಆಂಪ್ ಸದ್ದು 3ನೇ ಕೇಬಲ್‌ನಿಂದ ಪ್ರೊಸೆಸರಿಗೆ ಬಂದಿರುತ್ತದಲ್ಲ. ಪಿಎಗೆ ಹೋಗದೆ ಉಳಿಯುವುದು ನಿಮ್ಮ ಪವರ್ ಟ್ಯೂಬ್ ಮತ್ತು ಸ್ಪೀಕರಿನ ಪಾಲು ಮಾತ್ರ. ಅದೂ ಬೇಕೆಂದರೆ ಆಂಪಿನ ಮುಂದೆ ಮೈಕ್ ಇಡುವುದೊಂದೇ ದಾರಿ, ಆಗ ಬಲ ಔಟ್‌ಪುಟ್ ಬೇಡ.

ಪಿಎ ಲೈನ್ ಎಕ್ಸ್‌ಎಲ್‌ಆರ್ ಮೂಲಕ ಹೋಗುವುದಾದರೆ ಮಿಕ್ಸರಿನ ಆ ಚಾನೆಲ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ (ಮೈಕ್‌ಗೆ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಆಫ್ ಇರಲಿ. ಕೆಲವು ಮಿಕ್ಸರ್‌ಗಳಲ್ಲಿ ಎಲ್ಲ ಚಾನೆಲ್‌ಗೂ ಒಂದೇ ಫ್ಯಾಂಟಮ್ ಸ್ವಿಚ್ ಇರುತ್ತದೆ, ಕಂಡೆನ್ಸರ್ ಮೈಕ್‌ಗಾಗಿ ಅದು ಆನ್ ಇರಲೇಬೇಕಾದರೆ ಬಲ ಜ್ಯಾಕ್‌ನಿಂದ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಹೊಂದಿಸುವ ಡಬ್ಬಿ) ಮೂಲಕ ಕೊಡಿ. ಅದರಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ, ಪಿಎ ಸೇರಿದ ಮೇಲೆ ಹೊಸದಾಗಿ ಹುಟ್ಟುವ ಹಮ್‌ಗೆ ಒತ್ತಬೇಕಾದ ಸ್ವಿಚ್ ಅದೇ.